ದಿನಕ್ಕೆ ಎಷ್ಟು ಕಾಂಜಿ? ಕಥೆ ಕಟ್ಟಿ ನೆನಪಿಟ್ಕೊಳ್ಳೋರ ಜೊತೆ ಒಂದಷ್ಟು ಮಾತು

ಜಪಾನೀಸಲ್ಲಿ ಮಿಕ್ಕಾ ಬೋಜು ಅಂತ ಒಂದು ಮಾತಿದೆ. ಮಿಕ್ಕಾ ಅಂದ್ರೆ ಮೂರು ದಿನ, ಬೋಜು ಅಂದ್ರೆ ಬೌದ್ಧ ಸನ್ಯಾಸಿ. ಭಾರೀ ಉತ್ಸಾಹದಲ್ಲಿ ತಲೆ ಬೋಳಿಸ್ಕೊಂಡು ಮಠ ಸೇರಿ ನಾಲ್ಕನೇ ದಿನ ಬೆಳಿಗ್ಗೆ ಚಾಪೆ ಸುತ್ಕೊಂಡು ವಾಪಸ್ ಬರ್ತಾನಲ್ಲ, ಅವನು. ನಾವು ಆರಂಭಶೂರ ಅಂತೀವಿ. ಕಾಂಜಿ, ಅಂದ್ರೆ ಜಪಾನೀಸ್ ಬರೆಯೋಕೆ ಬಳಸೋ ಚೀನೀ ಮೂಲದ ಅಕ್ಷರಗಳು, ಅದನ್ನ ಕಲಿಯೋಕೆ ಶುರು ಮಾಡಿ ಮಧ್ಯದಲ್ಲಿ ಬಿಟ್ಟೋರು ಕೈ ಎತ್ತಿ ಅಂದಾಗ ಅರ್ಧ ಹಾಲ್ ಕೈ ಎತ್ತಿತು, ನಾನೂ ಎತ್ತಿದೀನಿ ನೋಡಿ. ಮುಚ್ಚಿಡೋದೇನೂ ಇಲ್ಲ.

ನಂದು ಮೂರು ದಿನ ಅಲ್ಲ, ಹದಿನಾರು ದಿನ. ಕಥೆ ಕಟ್ಟಿ ಕಾಂಜಿ ಕಲಿಯೋ ವಿಧಾನ ಹೊಸದಾಗಿ ಸಿಕ್ಕಿತ್ತು, ಮೊದಲನೇ ದಿನ ನಲವತ್ತು ಅಕ್ಷರ ಕಲಿತೆ, ಎರಡನೇ ದಿನ ಆ ನಲವತ್ತರಲ್ಲಿ ಮೂವತ್ತೆಂಟು ನೆನಪಿತ್ತು, ಅಷ್ಟು ಸಾಕಾಯ್ತು ನೋಡಿ ತಲೆ ತಿರುಗೋಕೆ, ನಾನೇನೋ ದೊಡ್ಡ ಬುದ್ಧಿವಂತ ಅಂದ್ಕೊಂಡು ದಿನಕ್ಕೆ ನಲವತ್ತು ಅಂತ ಫಿಕ್ಸ್ ಮಾಡ್ಕೊಂಡುಬಿಟ್ಟೆ. ಕ್ಯಾಲೆಂಡರಲ್ಲಿ ಮುಗಿಯೋ ತಾರೀಖಿಗೆ ಕೆಂಪಲ್ಲಿ ಸುತ್ತು ಹಾಕಿಟ್ಟಿದ್ದೆ. ಹದಿನಾರು ದಿನಕ್ಕೆ 640 ಅಕ್ಷರ ಆಯ್ತು. ಹದಿನೇಳನೇ ದಿನ ಜ್ವರ. ಹತ್ತು ದಿನ ಬಿಟ್ಟು ಫೋನ್ ತೆಗೆದು ನೋಡ್ತೀನಿ, ಕಲಿತ ಅಕ್ಷರ ಒಂದೊಂದನ್ನೂ ಕಾರ್ಡ್ ಮಾಡಿ ಆಗಾಗ ಮತ್ತೆ ಕೇಳೋ ಆ್ಯಪಲ್ಲಿ ರಿವ್ಯೂಗೆ ಕಾಯ್ತಾ ಇರೋ ಕಾರ್ಡು 587. ಆ ನಂಬರ್ ನಂಗೆ ಇವತ್ತಿಗೂ ನೆನಪಿದೆ, ಆ ಕಾರ್ಡುಗಳಲ್ಲಿದ್ದ ಅಕ್ಷರ ಮಾತ್ರ ನೆನಪಿರ್ಲಿಲ್ಲ. ಒಂದು ಇಪ್ಪತ್ತು ಕಾರ್ಡು ನೋಡಿದೆ, ಹದಿಮೂರು ತಪ್ಪು. ಆ್ಯಪ್ ಮುಚ್ಚಿದೋನು ಎರಡು ತಿಂಗಳು ಆ ಕಡೆ ತಲೆ ಹಾಕ್ಲಿಲ್ಲ.

ಇವತ್ತಿನ ಮಾತೆಲ್ಲ ಅದರ ಸುತ್ತಾನೇ. ಇವತ್ತು ಎಷ್ಟು ಹೊಸದು ಕಲಿಯೋಕೆ ಆಗತ್ತೆ ಅಂತ ನೋಡ್ಕೊಂಡು ಸ್ಪೀಡ್ ಇಡಬಾರ್ದು, ಇವತ್ತು ಕಲಿತಿದ್ದಕ್ಕೆ ಮುಂದಿನ ಐದು ತಿಂಗಳು ಎಷ್ಟು ಟೈಮ್ ಕೊಡಬೇಕಾಗತ್ತೆ ಅಂತ ನೋಡ್ಕೊಂಡು ಇಡಬೇಕು. ಹೊಸ ಕಾಂಜಿ ಅಂದ್ರೆ ಸಾಲ ಇದ್ದ ಹಾಗೆ, ತಗೊಳ್ಳೋವಾಗ ಬಹಳ ಖುಷಿಯಾಗಿರತ್ತೆ.

ಮೊದ್ಲು ಬೆಟ್ಟ ಎಷ್ಟು ಎತ್ತರ ಅಂತ ನೋಡ್ಬಿಡೋಣ. ದಿನಬಳಕೆಯ ಕಾಂಜಿ ಅಂತ ಜಪಾನ್ ಸರ್ಕಾರದ್ದೇ ಒಂದು ಪಟ್ಟಿ ಇದೆ, ಜೋಯೋ ಕಾಂಜಿ ಅಂತ. 1946ರಲ್ಲಿ ತೋಯೋ ಕಾಂಜಿ ಅನ್ನೋ ಹೆಸರಲ್ಲಿ 1850 ಇತ್ತು, 1981ರಲ್ಲಿ 1945 ಆಯ್ತು, 2010ರಲ್ಲಿ 2136 ಆಯ್ತು. ಕಂಪ್ಯೂಟರ್ ಬಂದ್ಮೇಲೆ ಕಮ್ಮಿ ಆಗಬೇಕಿತ್ತಲ್ವಾ ಅಂತ ನೀವಂತೀರಿ, ಆಗಿದ್ದು ಉಲ್ಟಾ. ಕೀಬೋರ್ಡಲ್ಲಿ ಟೈಪ್ ಮಾಡೋಕೆ ಸಾಧ್ಯ ಆದ್ಮೇಲೆ ಕೈಲಿ ಬರೆಯೋಕೆ ಕಷ್ಟ ಇದ್ದ ಅಕ್ಷರಗಳಿಗೂ ಒಳಗೆ ಜಾಗ ಸಿಕ್ತು. ಅದರಲ್ಲಿ ಒಂದು ನಂಗೆ ಹೇಗೆ ಕಾಟ ಕೊಡ್ತಿದೆ ಅಂತ ಕೊನೇಲಿ ಹೇಳ್ತೀನಿ.

ಇನ್ನು ಅಲ್ಲಿನ ಮಕ್ಕಳ ಸ್ಪೀಡ್ ನೋಡಿ. ಒಂದನೇ ಕ್ಲಾಸಲ್ಲಿ ಇಡೀ ವರ್ಷಕ್ಕೆ 80 ಅಕ್ಷರ, ಎರಡನೇ ಕ್ಲಾಸಲ್ಲಿ 160, ಮೂರರಲ್ಲಿ 200. ಆರನೇ ಕ್ಲಾಸ್ ಮುಗಿಯೋ ಹೊತ್ತಿಗೆ 1026. ಉಳಿದ 1110 ಹೈಸ್ಕೂಲು, ಅದಾದ್ಮೇಲೆ ಅಂತ ಎಳೀತಾರೆ. ಆ ಮಕ್ಕಳಿಗೆ ಭಾಷೆ ಮೊದಲೇ ಬಾಯಲ್ಲಿದೆ, ರೋಡಲ್ಲಿ ಬೋರ್ಡು, ಟಿವೀಲಿ ಕಾಂಜಿ, ಸುತ್ತಮುತ್ತ ಎಲ್ಲಾ ಅದೇ. ಅಂಥ ಮಕ್ಕಳಿಗೇ ವರ್ಷಕ್ಕೆ 80 ಕೊಟ್ಟಿರೋವಾಗ ನಾನು ಎರಡು ದಿನದಲ್ಲಿ 80 ಮುಗಿಸಿ ಮೀಸೆ ತಿರುವ್ತಾ ಇದ್ದೆ.

ಇಲ್ಲಿ ಯಾರೋ ಒಬ್ರು ಹೈಸಿಗ್ ಹೆಸರು ಹೇಳಿದ್ರು. ಹೌದು, ಜೇಮ್ಸ್ ಹೈಸಿಗ್, ಅಕ್ಷರಗಳನ್ನ ತುಂಡು ಮಾಡಿ, ಒಂದೊಂದು ತುಂಡಿಗೂ ಹೆಸರಿಟ್ಟು ಕಥೆ ಕಟ್ಟೋ ವಿಧಾನವನ್ನ 1977ರಲ್ಲಿ ಪುಸ್ತಕ ಮಾಡಿ ಜನಪ್ರಿಯ ಮಾಡಿದವರು. ಅವರು ಜಪಾನಿಗೆ ಹೋದ ಹೊಸದರಲ್ಲಿ ಒಂದು ತಿಂಗಳಲ್ಲೇ ಹತ್ತತ್ರ 1900 ಅಕ್ಷರ ಕಲಿತೆ ಅಂತ ಬರ್ಕೊಂಡಿದಾರೆ. ಈ ಮಾತು ಎಷ್ಟು ಜನರ ದಾರಿ ತಪ್ಪಿಸಿದೆ ಅಂತೀರಾ! ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ನಾವು ಓದ್ಕೊಂಡಿದ್ದು ತಪ್ಪು. ಅವರಿಗೆ ಆ ತಿಂಗಳು ಇಡೀ ದಿನ ಅದೇ ಕೆಲಸ, ಮೇಲೆ ಕಲಿತಿದ್ದು ಅಕ್ಷರದ ಅರ್ಥ ಮತ್ತು ಬರೆಯೋ ರೀತಿ ಮಾತ್ರ, ಉಚ್ಚಾರಣೆ ಅದರಲ್ಲಿ ಸೇರಿಲ್ಲ. ನಾವು ಆಫೀಸ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಕೂರೋರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಸುಮ್ನೆ ಹೇಳಿಲ್ಲ.

ಸರಿ, ಈಗ ಲೆಕ್ಕ ಮಾಡೋಣ. ಪೆನ್ ಇದ್ರೆ ಬರ್ಕೊಳ್ಳಿ. ಒಂದು ಅಕ್ಷರ ಇವತ್ತು ಕಲಿತ್ರಿ. ಅದನ್ನ ನಾಳೆ ನೋಡ್ತೀರಿ, ಆಮೇಲೆ 3 ದಿನ ಬಿಟ್ಟು, ಆಮೇಲೆ 7, ಆಮೇಲೆ 16, 35, 80 ದಿನ ಬಿಟ್ಟು. ಆ್ಯಪ್ ಆ್ಯಪಿಗೆ ಸ್ವಲ್ಪ ಹಿಂದೆ ಮುಂದೆ ಇರತ್ತೆ ಬಿಡಿ, ಅಂದಾಜಿಗೆ ಇಟ್ಕೊಳ್ಳೋಣ. ಅಂದ್ರೆ ಮೊದಲ ತಿಂಗಳಲ್ಲಿ ಒಂದು ಅಕ್ಷರ ನಾಲ್ಕು ಸಲ ವಾಪಸ್ ಬರತ್ತೆ, ಐದು ತಿಂಗಳೊಳಗೆ ಆರು ಸಲ. ಈಗ ದಿನಕ್ಕೆ 40ರಂತೆ ಹೋದ್ರೆ ಒಂದು ತಿಂಗಳಾಗೋ ಹೊತ್ತಿಗೆ ದಿನಾ ರಿವ್ಯೂನೇ 160. ಒಂದಕ್ಕೆ ಹದಿನೈದು ಸೆಕೆಂಡ್ ಹಿಡಿದ್ರೂ 40 ನಿಮಿಷ. ಹೊಸ ನಲವತ್ತಕ್ಕೆ ಕಥೆ ಕಟ್ಟೋಕೆ ಒಂದಕ್ಕೆ ಮೂರು ನಿಮಿಷ ಅಂದ್ರೆ ಎರಡು ಗಂಟೆ. ಒಟ್ಟು ಎರಡು ಗಂಟೆ ನಲವತ್ತು ನಿಮಿಷ, ಅದೂ ಒಂದೂ ತಪ್ಪಾಗ್ಲಿಲ್ಲ ಅನ್ನೋ ಲೆಕ್ಕದಲ್ಲಿ. ತಪ್ಪಿದ್ದು ಮತ್ತೆ ಮೊದಲಿಂದ ಬರತ್ತೆ, ಅದು ಬೇರೆ.

ಅದೇ ದಿನಕ್ಕೆ 10 ಅಂದ್ರೆ? ತಿಂಗಳು ಕಳೆದ್ಮೇಲೆ 40 ರಿವ್ಯೂ, ಹತ್ತು ನಿಮಿಷ. ಐದು ತಿಂಗಳಾದ್ಮೇಲೂ 60 ರಿವ್ಯೂ, ಕಾಲು ಗಂಟೆ. ಕಥೆಗೆ ಅರ್ಧ ಗಂಟೆ. ಮುಕ್ಕಾಲು ಗಂಟೇಲಿ ಅವತ್ತಿನ ಕೆಲಸ ಮುಗೀತು. 2136ನ್ನ ಹತ್ತರಿಂದ ಭಾಗಿಸಿದ್ರೆ 214 ದಿನ, ಏಳು ತಿಂಗಳು. ಏಳು ತಿಂಗಳು ಅಂದ ತಕ್ಷಣ ಮುಖ ಸಪ್ಪೆ ಮಾಡ್ತೀರಲ್ಲ, ನಾನು ಎರಡು ತಿಂಗಳಲ್ಲಿ ಮುಗಿಸ್ತೀನಿ ಅಂತ ಹೊರಟೋನು ಮೂರು ವರ್ಷ ಆಯ್ತು ಇಲ್ಲಿ ನಿಂತಿದೀನಿ.

ಒಬ್ಬೊಬ್ಬರು ಕೇಳ್ತಾರೆ, ಕಥೆ ಇದ್ರೆ ಮರೆಯೋದೇ ಇಲ್ವಲ್ಲ, ರಿವ್ಯೂ ಯಾಕೆ ಅಂತ. 1885ರಲ್ಲಿ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು, ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯತ್ತೆ ಅಂತ ಅಳೆದು ಪ್ರಕಟಿಸಿದ. ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಸೋರಿ ಹೋಗತ್ತೆ, ಆಮೇಲೆ ಸೋರೋದು ನಿಧಾನ ಆಗತ್ತೆ. ಅವನು ಅರ್ಥ ಇಲ್ಲದ್ದನ್ನ ಬೇಕು ಅಂತಲೇ ಆರಿಸ್ಕೊಂಡಿದ್ದ, ಅರ್ಥ ಇದ್ರೆ ಮನಸ್ಸು ಅದಕ್ಕೆ ಆತುಕೊಂಡುಬಿಡತ್ತೆ ಅಂತ. ಕಥೆ ಮಾಡೋ ಕೆಲಸ ಅಷ್ಟೇ, ಆತುಕೊಳ್ಳೋಕೆ ಒಂದು ಗೋಡೆ ಕೊಡೋದು. ಅದರಿಂದ ಸೋರೋದು ಕಮ್ಮಿ ಆಗತ್ತೆ, ಪೂರ್ತಿ ನಿಲ್ಲಲ್ಲ. ಕಥೆಯೇ ಮರೆತು ಹೋಗತ್ತೆ ಸ್ವಾಮಿ, ಅದನ್ಯಾಕೆ ಯಾರೂ ಹೇಳಲ್ಲ?

ಕಥೆ ಅಂದ್ರೆ ಏನು ಅಂತ ಗೊತ್ತಿಲ್ದೇ ಇರೋರಿಗೆ ಒಂದೆರಡು ಉದಾಹರಣೆ. ಮನುಷ್ಯನ ಗುರುತು, ಪಕ್ಕದಲ್ಲಿ ಮರ. ಎರಡೂ ಸೇರಿದ್ರೆ ವಿಶ್ರಾಂತಿ. ಮರಕ್ಕೆ ಒರಗಿ ಕೂತೋನು ಕಣ್ಣಿಗೆ ಕಾಣ್ತಾನೆ, ಇದಕ್ಕೆ ಕಥೆಯೇ ಬೇಡ. ಬೆಟ್ಟ, ಪಕ್ಕದಲ್ಲಿ ಮೇಲೆ ಅನ್ನೋ ಅಕ್ಷರ, ಅದರ ಕೆಳಗೆ ಕೆಳಗೆ ಅನ್ನೋ ಅಕ್ಷರ. ಬೆಟ್ಟ ಹತ್ತಿ ಇಳಿಯೋ ಜಾಗ, ಘಾಟಿ. ಇದು ಚೀನಾದಿಂದ ಬಂದಿದ್ದಲ್ಲ, ಜಪಾನಿನವರೇ ಮಾಡ್ಕೊಂಡಿದ್ದು. ಇನ್ನೊಂದು ನಂಗೆ ತುಂಬಾ ಇಷ್ಟ, ತಂದೆ ತಾಯಿ ಅನ್ನೋ ಅಕ್ಷರ. ಅದರಲ್ಲಿ ಮೂರು ತುಂಡಿದೆ, ನಿಲ್ಲು, ಮರ, ನೋಡು. ಮಗು ದೂರ ಹೋಗಿದೆ, ಅಪ್ಪನೋ ಅಮ್ಮನೋ ಮರದ ಮೇಲೆ ನಿಂತು ದಾರಿ ನೋಡ್ತಿದಾರೆ. ಅಕ್ಷರದ ನಿಜವಾದ ಇತಿಹಾಸ ಬೇರೆ, ಆದ್ರೆ ಈ ಕಥೆ ಜಪಾನಿನವರೂ ಹೇಳ್ಕೊಳ್ತಾರೆ.

ಇಂಥವು ಮೊದಲ ನೂರರಲ್ಲಿ ಜಾಸ್ತಿ ಸಿಗ್ತಾವೆ. ಅದಕ್ಕೇ ಮೊದಲ ನೂರು ಯಾರಿಗಾದ್ರೂ ಸಲೀಸು, ಅದೇ ಸ್ಪೀಡು ಕೊನೇ ತನಕ ಇರತ್ತೆ ಅಂದ್ಕೊಳ್ತೀವಿ. ಆಮೇಲೆ ಬರತ್ತೆ ನೋಡಿ ದೇವಾಲಯದ ಸಂಸಾರ.

ತೆರಾ ಅಂದ್ರೆ ಬೌದ್ಧ ದೇವಾಲಯ. ಆ ಅಕ್ಷರದಲ್ಲಿ ಮೇಲೆ ಮಣ್ಣು, ಕೆಳಗೆ ಸುನ್ ಅನ್ನೋ ಒಂದು ಹಳೇ ಅಳತೆ, ಸುಮಾರು 3 ಸೆಂಟಿಮೀಟರ್. ಇದರ ಪಕ್ಕ ಕೈ ಇಟ್ರೆ ಹಿಡಿ. ನಡೆಯೋ ದಾರಿಯ ಗುರುತು ಇಟ್ರೆ ಕಾಯಿ, ಅಂದ್ರೆ ಕಾಯೋದು. ಹಸು ಇಟ್ರೆ ವಿಶೇಷ. ಸೂರ್ಯ ಇಟ್ರೆ ಸಮಯ. ಮಾತು ಇಟ್ರೆ ಕವಿತೆ. ಮನುಷ್ಯನ್ನ ಇಟ್ರೆ ಸಮುರಾಯ್. ನೋಡಿದ ತಕ್ಷಣ ಅನ್ಸತ್ತೆ, ಅರೆ, ಬಲಗಡೆ ಎಲ್ಲಾ ಒಂದೇ, ಎಡಗಡೆ ಮಾತ್ರ ಬದಲು, ಆರೂ ಇವತ್ತೇ ಮುಗಿಸಿಬಿಡೋಣ ಅಂತ. ನಾನೂ ಅದನ್ನೇ ಮಾಡಿದ್ದು. ಅವತ್ತು ರಾತ್ರಿ ಆರಕ್ಕೆ ಆರೂ ಸರಿ. ವಾರ ಬಿಟ್ಟು ನೋಡಿದ್ರೆ ಸಮಯ ಯಾವುದು, ಹಿಡಿಯೋದು ಯಾವುದು, ಹಸು ಯಾಕೆ ಇಲ್ಲಿ ಬಂತು, ಒಂದೂ ತಿಳೀತಿಲ್ಲ.

ಯಾಕೆ ಹಂಗಾಯ್ತು ಅಂತ ಆಮೇಲೆ ನನ್ನ ನೋಟ್‌ಬುಕ್ ತೆಗೆದು ನೋಡಿದೆ. ಅವತ್ತು ಬರೆದಿದ್ದ ಕಥೆಗಳು ಹೀಗಿವೆ: ದೇವಾಲಯದಲ್ಲಿ ಕಾಯ್ತಾ ಇದೀನಿ. ದೇವಾಲಯದಲ್ಲಿ ಕೈ ಹಿಡ್ಕೊಂಡಿದೀನಿ. ದೇವಾಲಯದಲ್ಲಿ ವಿಶೇಷವಾದ ಹಸು ಇದೆ. ಇವು ಕಥೆಗಳಾ? ಗ್ರಾಮರ್ ಪುಸ್ತಕದ ವಾಕ್ಯ ಇದ್ದ ಹಾಗಿವೆ. ಒಂದಕ್ಕೆ ಇಪ್ಪತ್ತು ಸೆಕೆಂಡೂ ಕೊಟ್ಟಿಲ್ಲ. ಆರಕ್ಕೂ ಒಂದೇ ಜಾಗ, ಒಂದೇ ಬೆಳಕು, ಏನೂ ನಡೆಯಲ್ಲ. ಸ್ಪೀಡ್ ಜಾಸ್ತಿ ಆದಾಗ ಮೊದ್ಲು ಸೊರಗೋದು ಕಥೆ. ರಿವ್ಯೂ ರಾಶಿ ಬೀಳೋದು ಆಮೇಲೆ.

ಎರಡನೇ ಸಲ ಅದೇ ಸಂಸಾರವನ್ನ ದಿನಕ್ಕೆ ಒಂದು, ಜಾಸ್ತಿ ಅಂದ್ರೆ ಎರಡರ ಹಾಗೆ ಮಾಡಿದೆ, ಮಧ್ಯದಲ್ಲಿ ಸಂಬಂಧ ಇಲ್ದೇ ಇರೋ ಅಕ್ಷರಗಳು. ಕಾಯೋದಕ್ಕೆ ಈಗ ಇರೋ ಕಥೆ ಇದು: ಮಳೆ. ದೇವಾಲಯದ ಬಾಗ್ಲು ಹಾಕಿದೆ, ನಾನು ದಾರೀಲಿ ನಿಂತಿದೀನಿ, ಶೂ ಒಳಗೆ ನೀರು ಹೋಗಿ ಕಾಲು ಪಚಪಚ ಅಂತಿದೆ. ಬಾಗ್ಲ ಸಂದೀಲಿ ನೋಡಿದ್ರೆ ಒಬ್ಬ ಸನ್ಯಾಸಿ ಎಲೆ ಗುಡಿಸ್ತಾ ಇದಾನೆ, ಕರೆದ್ರೆ ತಿರುಗೂ ನೋಡಲ್ಲ. ಎಲೆ ಗುಡಿಸ್ತಾನೇ ಇದಾನೆ. ಆ ಸಿಟ್ಟು ನಂಗೆ ಈಗ್ಲೂ ಬರತ್ತೆ, ಸಿಟ್ಟು ಬಂದ್ರೆ ಅಕ್ಷರ ಬಂತು ಅಂತಲೇ. ಹಿಡಿಯೋದಕ್ಕೆ, ಇಡೀ ದೇವಾಲಯವನ್ನ ಒಂದೇ ಕೈಲಿ ಎತ್ಕೊಂಡು ಬಸ್ ಹತ್ತಿದೀನಿ, ಒಳಗಿನ ಗಂಟೆ ಢಣ್ ಢಣ್ ಅಂತಿದೆ, ಬಸ್ಸಲ್ಲಿರೋರೆಲ್ಲ ನನ್ನೇ ನೋಡ್ತಿದಾರೆ. ಹಸು? ಅದು ಮುಖ್ಯ ಗುರುಗಳ ಪೀಠದ ಮೇಲೆ ಕೂತು ಮೆಲುಕು ಹಾಕ್ತಿದೆ, ಎದುರುಗಡೆ ನೂರು ಜನ ಸನ್ಯಾಸಿಗಳು ಕಣ್ಮುಚ್ಚಿ ಕೂತಿದಾರೆ. ವಿಶೇಷ ಅಲ್ವಾ? ಒಂದೊಂದಕ್ಕೂ ಮೂರು ನಾಲ್ಕು ನಿಮಿಷ ಹಿಡೀತು. ಅದಕ್ಕಿಂತ ಬೇಗ ಬರೋ ಕಥೆ ನಂಗೆ ಉಳಿಯಲ್ಲ, ನಿಮಗೆ ಎರಡು ನಿಮಿಷ ಸಾಕಾಗಬಹುದು, ಅಳೆದು ನೋಡ್ಕೊಳ್ಳಿ. ಒಂದು ಅಕ್ಷರಕ್ಕೆ ನಿಮಗೆ ಬೇಕಾದ ನಿಮಿಷ ಎಷ್ಟು ಅಂತ ಗೊತ್ತಾದ್ರೆ ದಿನಕ್ಕೆ ಎಷ್ಟು ಅನ್ನೋದು ತಾನಾಗೇ ಗೊತ್ತಾಗತ್ತೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ. ದೇವಾಲಯ ಆ ಎಲ್ಲಾ ಅಕ್ಷರಗಳಲ್ಲಿ ಯಾಕೆ ಬಂದು ಕೂತಿದೆ ಅಂದ್ರೆ ಧ್ವನಿಗೋಸ್ಕರ. ದೇವಾಲಯಕ್ಕೆ ಚೀನೀ ಮೂಲದ ಉಚ್ಚಾರ ಜಿ. ಸಮಯ, ಹಿಡಿ, ಸಮುರಾಯ್, ಮೂರಕ್ಕೂ ಜಿ. ಕವಿತೆಗೆ ಶಿ, ಹತ್ತಿರದಲ್ಲೇ ಇದೆ. ಕಾಯೋದು ತಾಯ್, ವಿಶೇಷ ತೊಕು, ಇವೆರಡು ದಾರಿ ಬಿಟ್ಟಿವೆ. ಕ್ರಿ.ಶ. 100ರ ಸುಮಾರಿಗೇ ಶು ಶೆನ್ ಅನ್ನೋ ಚೀನೀ ಪಂಡಿತ ಅಕ್ಷರಗಳನ್ನ ಆರು ಬಗೆ ಮಾಡಿ ನಿಘಂಟು ಬರೆದಿದ್ದ, ಅದರಲ್ಲಿ ಒಂದು ತುಂಡು ಅರ್ಥಕ್ಕೆ ಇನ್ನೊಂದು ತುಂಡು ಧ್ವನಿಗೆ ಅನ್ನೋ ಬಗೆಯದ್ದೇ ಬಹುಪಾಲು. ಅಂದ್ರೆ ನಾವು ಕಟ್ಟೋ ಕಥೆಗಳು ಹೆಚ್ಚುಕಮ್ಮಿ ಎಲ್ಲಾ ಸುಳ್ಳೇ. ಸುಳ್ಳಾದ್ರೆ ಏನಂತೆ, ಕೆಲಸ ಆಗತ್ತೆ. ಆದ್ರೆ ನಿಜ ಗೊತ್ತಿದ್ರೆ ಉಚ್ಚಾರ ಕಲಿಯೋವಾಗ ಪುಕ್ಸಟ್ಟೆ ಸಹಾಯ ಸಿಗತ್ತೆ, ಅದನ್ಯಾಕೆ ಬಿಡಬೇಕು.

ಉಚ್ಚಾರದ ಮಾತು ಬಂತು, ಅದನ್ನೂ ಹೇಳ್ಬಿಡ್ತೀನಿ. ನಮ್ದು ಅಕ್ಷರ ನೋಡಿದ್ರೆ ಸದ್ದು ಬರೋ ಲಿಪಿ, ಕ ಅಂದ್ರೆ ಕ. ಅವರದ್ರಲ್ಲಿ ಹುಟ್ಟು, ಬದುಕು ಅನ್ನೋ ಒಂದು ಅಕ್ಷರಕ್ಕೇ ಸೆಯ್, ಶೋ, ನಾಮಾ, ಇಕಿರು, ಉಮಾರೆರು ಅಂತ ಸಾಲು ಸಾಲು ಉಚ್ಚಾರ. ಇದನ್ನೆಲ್ಲ ಮೊದಲ ದಿನಾನೇ ಕಥೆಗೆ ತುರುಕೋಕೆ ಹೋದ್ರೆ ಮೂರು ನಿಮಿಷದ ಕೆಲಸ ಹದಿನೈದು ನಿಮಿಷ ಆಗತ್ತೆ. ಅರ್ಥಕ್ಕೆ ಕಥೆ ಇವತ್ತು, ಉಚ್ಚಾರ ಆಮೇಲೆ ಪದಗಳ ಜೊತೆ, ಇದು ನನ್ನ ಪದ್ಧತಿ. ಬೇರೆಯೋರು ಒಪ್ಪಲ್ಲ, ಜಗಳ ಆಡ್ತಾರೆ, ಆಡ್ಲಿ. ಆದ್ರೆ ಕನ್ನಡದೋರಿಗೆ ಕೆಲವು ಉಚ್ಚಾರ ಕಥೆ ಕೇಳ್ದೇನೇ ಅಂಟ್ಕೊಳ್ತಾವೆ. ಬೆಟ್ಟಕ್ಕೆ ಯಾಮಾ, ಬೆಟ್ಟದ ತುದೀಲಿ ಯಮ ಕೂತಿದಾನೆ, ಮುಗೀತು. ಸಮುದ್ರಕ್ಕೆ ಉಮಿ, ಅಲೆ ಮೇಲೆಲ್ಲ ಉಮಿ ತೇಲ್ತಾ ಇದೆ. ಮೂರು ಮರ ಸೇರಿದ್ರೆ ಕಾಡು, ಅದಕ್ಕೆ ಮೊರಿ, ಒಂದು ದೀರ್ಘ ಎಳೆದ್ರೆ ನಮ್ಮ ಮೋರಿ, ಮೂರು ಮರ ಮೋರೀಲಿ ಬಿದ್ದಿವೆ. ಬೇಯಿಸೋದಕ್ಕೆ ನಿರು ಅಂತಾರೆ. ನೀರಿಲ್ದೆ ಏನು ಬೇಯತ್ತೆ ಹೇಳಿ. ಇಂಗ್ಲಿಷ್ ಕಥೆಗಳನ್ನ ಹಾಗೇ ಎತ್ಕೊಂಡು ಬಾಯಿಪಾಠ ಮಾಡೋರಿಗೆ ಇದು ಸಿಗಲ್ಲ. ಬೇರೆಯೋರ ಕಥೆ ತಗೊಂಡ್ರೆ ಮೂರು ನಿಮಿಷ ಉಳಿಯತ್ತೆ ನಿಜ, ಅದು ರಿವ್ಯೂನಲ್ಲಿ ಬಡ್ಡಿ ಸಮೇತ ಹೋಗತ್ತೆ.

ಈಗ ಎರಡು ಅಕ್ಷರ ಗಾಳೀಲಿ ಬರೀತೀನಿ, ನೋಡಿ. ಒಂದು ತುಂಡು ಮನಸ್ಸು, ಹೃದಯ. ಇನ್ನೊಂದು ತುಂಡು ಇಲ್ಲವಾಗೋದು, ಸಾಯೋದು. ಮನಸ್ಸನ್ನ ಎಡಗಡೆ ಇಟ್ಟು ಬಲಗಡೆ ಇಲ್ಲವಾಗೋದನ್ನ ಇಟ್ರೆ ಬ್ಯುಸಿ, ಪುರುಸೊತ್ತಿಲ್ಲ ಅಂತ ಅರ್ಥ. ಅದೇ ಎರಡು ತುಂಡನ್ನ ಒಂದರ ಮೇಲೊಂದು ಇಟ್ಟು ಮನಸ್ಸನ್ನ ಕೆಳಗೆ ಹಾಕಿದ್ರೆ ಮರೆವು. ಎರಡಕ್ಕೂ ಚೀನೀ ಮೂಲದ ಉಚ್ಚಾರಾನೂ ಒಂದೇ, ಬೋ. ನಾನು 587 ಕಾರ್ಡಿನ ರಾಶಿ ಎದುರು ಕೂತಿದ್ದಾಗ ಈ ಎರಡು ಒಂದರ ಹಿಂದೆ ಒಂದು ಬಂದ್ವು. ಎರಡೂ ತಪ್ಪು ಮಾಡಿದೆ.

ರಾಶಿ ಬಿದ್ದಾಗ ಏನು ಮಾಡೋದು, ಇದನ್ನ ಎಲ್ರೂ ಕೇಳ್ತಾರೆ. ಮೊದ್ಲು, ಡಿಲೀಟ್ ಮಾಡಿ ಒಂದರಿಂದ ಶುರು ಮಾಡ್ಬೇಡಿ. ಒಂದರಿಂದ ಶುರು ಮಾಡೋದಕ್ಕೆ ಒಂಥರಾ ಸುಖ ಇದೆ, ಮೊದಲ ನೂರು ಹೇಗೂ ಬರತ್ತೆ, ಮತ್ತೆ ಬುದ್ಧಿವಂತ ಅನ್ಸತ್ತೆ, ಮತ್ತೆ ಅದೇ ಜಾಗದಲ್ಲಿ ಬೀಳ್ತೀರಿ. ಮೊದಲ ನೂರನ್ನ ಐದು ಸಲ ಕಲಿತೋರು ನಂಗೊತ್ತು. ಅದರ ಬದ್ಲು ಹೊಸದನ್ನ ಸೊನ್ನೆ ಮಾಡಿ, ದಿನಾ ಇಪ್ಪತ್ತೇ ನಿಮಿಷ ಅಂತ ಟೈಮರ್ ಇಟ್ಟು ಹಳೇದನ್ನ ನೋಡ್ತಾ ಬನ್ನಿ, ಟೈಮರ್ ಹೊಡೆದಾಗ ಎಷ್ಟೇ ಉಳಿದಿರ್ಲಿ ಏಳಿ. ನನ್ನ 587 ಕರಗೋಕೆ ಮೂರು ವಾರ ಹಿಡೀತು. ಆಮೇಲೆ ಹೊಸದು ದಿನಕ್ಕೆ ನಾಲ್ಕು, ಒಂದು ತಿಂಗಳು ನೋಡಿ ಎಂಟು, ಅಲ್ಲೇ ನಿಂತೆ. ಹತ್ತು ಮಾಡ್ಬೋದಿತ್ತು, ಮಾಡ್ಲಿಲ್ಲ.

ಆಂಕಿ ಅನ್ನೋ ಕಾರ್ಡಿನ ಆ್ಯಪ್ ಬಳಸೋರು ಒಂದು ಗಮನಿಸಿ, ಡೇಮಿಯನ್ ಎಲ್ಮ್ಸ್ ಅನ್ನೋರು 2006ರಲ್ಲಿ ಹೊರತಂದಿದ್ದು ಅದು, ಹೆಸರೇ ಜಪಾನೀಸ್ ಪದ, ಆಂಕಿ ಅಂದ್ರೆ ಬಾಯಿಪಾಠ. ಅದರಲ್ಲಿ ಹೊಸ ಕಾರ್ಡು ದಿನಕ್ಕೆ 20 ಅಂತ ಮೊದಲೇ ಇಟ್ಟಿರ್ತಾರೆ. ಅದು ಯಾರಿಗೂ ಅಂತ ಅಳೆದು ಹೊಲಿದ ಅಂಗಿ ಅಲ್ಲ, ಸೆಟ್ಟಿಂಗ್ಸಿಗೆ ಹೋಗಿ ನಿಮ್ಮ ಅಳತೆಗೆ ಇಳಿಸ್ಕೊಳ್ಳಿ. ಇನ್ನೊಂದು, ಒಂದು ಕಾರ್ಡು 8 ಸಲ ತಪ್ಪಿದ್ರೆ ಅದಕ್ಕೆ ಲೀಚ್ ಅಂತ ಗುರುತು ಹಾಕತ್ತೆ, ಜಿಗಣೆ. ಹೆಸರು ಸರಿಯಾಗಿ ಇಟ್ಟಿದಾರೆ, ಅಂಟ್ಕೊಂಡು ಟೈಮ್ ಹೀರತ್ತೆ. ಜಿಗಣೆ ಆಯ್ತು ಅಂದ್ರೆ ಇನ್ನೂ ಹತ್ತು ಸಲ ಓದೋದ್ರಲ್ಲಿ ಅರ್ಥ ಇಲ್ಲ, ಕಥೆ ಕೆಟ್ಟಿದೆ, ಹೊಸದು ಬರೀಬೇಕು. ನಾನು ಭಾನುವಾರ ಹೊಸ ಅಕ್ಷರ ಮುಟ್ಟಲ್ಲ, ಜಿಗಣೆ ಕೀಳೋ ದಿನ ಅದು. ವಾರಕ್ಕೆ ಐದಾರು ಸಿಗ್ತಾವೆ, ವಾರಕ್ಕೆ ಹದಿನೈದು ಸಿಕ್ಕಿದ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತ ಮುಂದಿನ ವಾರ ಇಳಿಸ್ತೀನಿ. ನನ್ನ ಹತ್ರ ಇರೋ ಮೀಟರ್ ಇದೊಂದೇ.

ಐನೂರು ಆರುನೂರರ ಹತ್ರ ಇನ್ನೊಂದು ಗುಂಡಿ ಇದೆ. ಅಲ್ಲಿಗೆ ಅರ್ಥಗಳು ಒಂದಕ್ಕೊಂದು ಡಿಕ್ಕಿ ಹೊಡೆಯೋಕೆ ಶುರು. ನೋಡು ಅನ್ನೋದು ಒಂದು ಅಕ್ಷರ. ಅದೇ ತುಂಡು ಒಳಗಿಟ್ಕೊಂಡು ಇನ್ನೆರಡು ಬರ್ತಾವೆ, ಅವಕ್ಕೂ ನೋಡು ಅಂತಲೇ ಅರ್ಥ. ನಂಗೆ ತಲೆ ಕೆಟ್ಟೋಯ್ತು. ಕೊನೆಗೆ ಅವು ಬರೋ ಪದ ನೋಡ್ದೆ, ಒಂದು ಕಾಂಕೋ, ಅಂದ್ರೆ ಪ್ರವಾಸ, ಊರು ನೋಡೋದು. ಇನ್ನೊಂದು ಶಿರ್ಯೊಕು, ಕಣ್ಣಿನ ದೃಷ್ಟಿ. ಹಂಗಾಗಿ ಒಂದಕ್ಕೆ ಕ್ಯಾಮೆರಾ ನೇತಾಕ್ಕೊಂಡ ಪ್ರವಾಸಿ ಬಂದ, ಇನ್ನೊಂದಕ್ಕೆ ಕಣ್ಣಿನ ಡಾಕ್ಟರ್ ಬಂದ್ರು. ಈ ಗುಂಡಿ ದಾಟೋ ತನಕ ಎಂಟನ್ನ ಐದಕ್ಕೆ ಇಳಿಸಿದ್ದೆ, ಒಂದೂವರೆ ತಿಂಗಳು. ಸ್ಪೀಡ್ ಇಳಿಸೋದು ಸೋಲು ಅಂತ ಆಗ ಅನ್ನಿಸ್ತಿತ್ತು, ಘಾಟಿ ರೋಡಲ್ಲಿ ಗೇರ್ ಇಳಿಸೋನನ್ನ ಯಾರಾದ್ರೂ ಬೈತಾರಾ?

ಕಥೆ ಎಷ್ಟು ದಿನ ಬೇಕು ಅಂತ ಮುಂದಿನ ಸಾಲಲ್ಲಿರೋರು ಕೇಳ್ತಿದಾರೆ. ಸೈಕಲ್ ಕಲಿಸೋವಾಗ ಹಿಂದೆ ಸೀಟ್ ಹಿಡ್ಕೊಂಡು ಓಡ್ತಾರಲ್ಲ, ಯಾವಾಗ ಕೈ ಬಿಟ್ರು ಅಂತ ಗೊತ್ತಾಗಲ್ಲ, ಹಾಗೆ. ವಿಶ್ರಾಂತಿ ಅನ್ನೋ ಅಕ್ಷರ ನೋಡಿದ್ರೆ ನಂಗೆ ಈಗ ಮರಾನೂ ಕಾಣಲ್ಲ, ಮನುಷ್ಯನೂ ಕಾಣಲ್ಲ, ರಜಾ ಅಂತಷ್ಟೇ ಕಾಣತ್ತೆ. ಕಥೆ ಮರೆತೋಯ್ತು ಅಕ್ಷರ ಉಳೀತು ಅಂದ್ರೆ ಅದನ್ನ ಮತ್ತೆ ನೆನಪಿಸ್ಕೊಳ್ಳೋಕೆ ಕೂರಬೇಡಿ.

ಕೈಲಿ ಬರೀಬೇಕಾ ಅಂತ ಇನ್ನೊಂದು ಪ್ರಶ್ನೆ. ಜೆಎಲ್‌ಪಿಟಿ, ಅಂದ್ರೆ ಜಪಾನೀಸ್ ಎಷ್ಟು ಬರತ್ತೆ ಅಂತ ಅಳೆಯೋ ಪರೀಕ್ಷೆಗೆ ಅಂತ ಆದ್ರೆ ಬೇಕಿಲ್ಲ, ಅಲ್ಲಿ ಎಲ್ಲಾ ಉತ್ತರ ಆರಿಸೋದೇ, ಬರೆಯೋದು ಇಲ್ಲವೇ ಇಲ್ಲ. ಆದ್ರೂ ನಾನು ಬರೀತೀನಿ, ಹೊಸದನ್ನ ಕಲಿಯೋ ದಿನ ಎರಡು ಸಲ, ತಪ್ಪಾದಾಗ ಒಂದು ಸಲ. ಬರೆದ್ರೆ ಮಾತ್ರ ಕಣ್ಣಿಗೆ ಬೀಳೋ ವಿಷಯ ಇರತ್ತೆ. ಮಣ್ಣು ಅನ್ನೋ ಅಕ್ಷರಕ್ಕೆ ಕೆಳಗಿನ ಗೀಟು ಉದ್ದ, ಮೇಲಿನದು ಉದ್ದ ಆದ್ರೆ ಅದು ಯೋಧ ಅಂತ ಬೇರೇನೇ ಅಕ್ಷರ. ಎಡ ಮತ್ತು ಬಲ ಅನ್ನೋ ಅಕ್ಷರಗಳಲ್ಲಿ ಮೇಲ್ಭಾಗ ನೋಡೋಕೆ ಒಂದೇ ಥರ, ಆದ್ರೆ ಎಡಕ್ಕೆ ಮೊದ್ಲು ಅಡ್ಡಗೀಟು, ಬಲಕ್ಕೆ ಮೊದ್ಲು ಓರೆಗೀಟು. ಯಾಕೆ ಅಂತ ಕೇಳ್ಬೇಡಿ, ಅದಕ್ಕೆ ಇನ್ನೊಂದು ಉಪನ್ಯಾಸ ಆಗತ್ತೆ. ರಿವ್ಯೂನಲ್ಲೂ ಪ್ರತಿಯೊಂದನ್ನ ಬರೀತೀನಿ ಅಂತ ಹೊರಟ್ರೆ ಮಾತ್ರ ಹದಿನೈದು ಸೆಕೆಂಡ್ ನಲವತ್ತಾಗತ್ತೆ, ಮೇಲೆ ಮಾಡಿದ ಲೆಕ್ಕಾನೆಲ್ಲ ಮತ್ತೆ ಮಾಡ್ಕೊಳ್ಳಿ.

ಕೊನೇಗೆ ಹೇಳ್ತೀನಿ ಅಂದಿದ್ನಲ್ಲ, ಆ ಅಕ್ಷರ. ಉತ್ಸು, ಮಂಕು ಕವಿಯೋದು, ಖಿನ್ನತೆ. 29 ಗೀಟು. 2010ರಲ್ಲಿ ಪಟ್ಟಿಗೆ ಸೇರಿದ್ದು ಇದು. ಮೇಲೆ ಎರಡು ಮರ, ಅವುಗಳ ಮಧ್ಯೆ ಒಂದು ಡಬ್ಬ, ಕೆಳಗೆ ಒಂದು ಮುಚ್ಚಳ, ಮುಚ್ಚಳದ ಕೆಳಗೆ ಒಂದು ವಿಚಿತ್ರ ಪಾತ್ರೆ, ಅದರಲ್ಲಿ ಅಡ್ಡಾದಿಡ್ಡಿ ಗೀಟು ಮತ್ತೆ ಚುಕ್ಕಿಗಳು, ಬಲಗಡೆ ಮೂರು ಓರೆಗೀಟು. ಇದನ್ನ ಮೂರು ವರ್ಷ ಮುಂದೂಡಿದ್ದೆ, ಹೋದ ತಿಂಗಳು ಒಂದು ದಿನ ಎಂಟರ ಕೋಟಾ ಪೂರ್ತಿ ಇದೊಂದಕ್ಕೇ ಕೊಟ್ಟೆ. ಕಾಡಲ್ಲಿ ಕತ್ತಲು, ಎರಡು ಮರದ ಮಧ್ಯೆ ತುಕ್ಕು ಹಿಡಿದ ಡಬ್ಬ, ಮುಚ್ಚಳ ತೆಗೆಯೋಕೆ ಬರ್ತಿಲ್ಲ, ಒಳಗೆ ಏನೋ ಕುಲುಕ್ತಾ ಇದೆ, ನನ್ನ ತಲೆ ಕೂದಲು ಮೂರು ಎಳೆ ಉದುರಿ ಬಲಗಡೆ ಬಿದ್ವು. ಅರ್ಧ ಗಂಟೆ ಹಿಡೀತು, ಕಥೆ ಚೆನ್ನಾಗೇ ಇದೆ ಅಂದ್ಕೊಂಡೆ. ಹೋದ ಮಂಗಳವಾರ ರಿವ್ಯೂಗೆ ಬಂತು, ಡಬ್ಬ ಬಂತು, ಮುಚ್ಚಳ ಬಂತು, ಕೂದಲೂ ಬಂತು, ಪಾತ್ರೆ ಒಳಗಿನ ಚುಕ್ಕಿ ಎಷ್ಟು ಅಂತ ಮರೆತೋಯ್ತು. ಆ್ಯಪಲ್ಲಿ ಮತ್ತೆ ಕೇಳು ಅನ್ನೋ ಅಗೇನ್ ಬಟನ್ ಒತ್ತಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಬಂತು.